ಚೀಲದ ಬೆನ್ನು ಓದಿ

ತೋರಣಗಲ್ಲಿನಲ್ಲಿ ನಾಯಿಮರಿಯ ಊಟವನ್ನು ತಕ್ಕಡಿಯಲ್ಲಿ ತೂಗಿ ಕೊಡುತ್ತಾರೆ. ಇಪ್ಪತ್ತು ಕಿಲೋ ಚೀಲದ ಬಾಯಿ ಬಿಚ್ಚಿ, ಅದರೊಳಗೆ ಒಂದು ಪ್ಲಾಸ್ಟಿಕ್ ಮಗ್ ಇಳಿಬಿಟ್ಟಿರುತ್ತಾರೆ. ಅರ್ಧ ಕಿಲೋ ಅಂದವರಿಗೆ ಅರ್ಧ ಕಿಲೋ, ನೂರು ರೂಪಾಯಿಯದು ಅಂದವರಿಗೆ ನೂರು ರೂಪಾಯಿಯದು. ತೆಳು ಕವರಿಗೆ ಸುರಿದು ಗಂಟು ಹಾಕಿ ಕೊಟ್ಟರೆ ವ್ಯಾಪಾರ ಮುಗಿಯಿತು. ಆ ಕವರಿನ ಮೇಲೆ ಹೆಸರಿಲ್ಲ, ತಾರೀಖಿಲ್ಲ, ಯಾವ ವಯಸ್ಸಿನ ನಾಯಿಗೆ ಎಂಬುದಿಲ್ಲ, ಒಳಗೆ ಏನಿದೆ ಎಂಬುದೂ ಇಲ್ಲ. ಹೊಸಪೇಟೆಯಲ್ಲೂ ಇದನ್ನು ನೋಡಿದ್ದೇನೆ, ಸಂಡೂರಿನಲ್ಲೂ ನೋಡಿದ್ದೇನೆ. ಒಮ್ಮೆ ಅಂಗಡಿಯ ಹುಡುಗನನ್ನು ಕೇಳಿದೆ, ಇದು ಯಾವ ಕಂಪನಿಯದಪ್ಪಾ ಎಂದು. ಅವನು ಯೋಚನೆಯನ್ನೇ ಮಾಡದೆ ಹೇಳಿದ: "ಪೆಡಿಗ್ರಿನೇ ಅಕ್ಕಾ, ಬ್ಯಾರೆ ಕಂಪ್ನಿದು."

ನಮ್ಮ ಕಡೆ ಪೆಡಿಗ್ರಿ ಎಂಬುದು ಒಂದು ಕಂಪನಿಯ ಮಾಲಿನ ಹೆಸರಾಗಿ ಉಳಿದು ಬಹಳ ಕಾಲವಾಯಿತು. ವನಸ್ಪತಿಗೆಲ್ಲ ಡಾಲ್ಡಾ ಅಂದ ಹಾಗೆ ನಾಯಿಯ ಒಣ ಕಾಳಿಗೆಲ್ಲ ಪೆಡಿಗ್ರಿ. ಹಾಗಾಗಿ ಆ ಹುಡುಗನ ಮಾತಿನಲ್ಲಿ ಮೋಸದ ಉದ್ದೇಶವೇನೂ ಇರಲಿಲ್ಲ. ಚೀಲ ಯಾವುದೆಂದು ಅವನಿಗೇ ಗೊತ್ತಿರಲಿಲ್ಲ, ನನ್ನ ತಕರಾರು ಇರುವುದೇ ಅಲ್ಲಿ. ಮಾರುವವನಿಗೆ ಗೊತ್ತಿಲ್ಲ, ಕೊಳ್ಳುವವರು ಕೇಳುವುದಿಲ್ಲ, ತಿನ್ನುವ ಜೀವಕ್ಕೆ ಮಾತು ಬಾರದು. ಹದಿನೈದು ಸಾವಿರ ಕೊಟ್ಟು ಮರಿ ತಂದವರು, ಅದರ ಕೊರಳಿಗೆ ಗೆಜ್ಜೆಯ ಪಟ್ಟಿ, ಚಳಿಗಾಲಕ್ಕೆ ಸ್ವೆಟರು ತೊಡಿಸಿದವರು, ಹೆಸರಿಲ್ಲದ ಕವರನ್ನು ಸ್ಕೂಟರಿನ ಕೊಕ್ಕೆಗೆ ನೇತುಹಾಕಿಕೊಂಡು ಹೋಗುವುದನ್ನು ನೋಡಿದಾಗ ನನಗೆ ಸಿಟ್ಟು ಬರುತ್ತದೆ. ಆ ಸಿಟ್ಟಿನಲ್ಲೇ ಇದನ್ನು ಬರೆಯುತ್ತಿದ್ದೇನೆ.

ಈ ಊರಿಗೆ ಸಣ್ಣ ತಳಿಯ ನಾಯಿಗಳು ಬಂದದ್ದು ಉಕ್ಕಿನ ಬೆನ್ನಿಗೆ. ತೊಂಬತ್ತರ ದಶಕದಲ್ಲಿ ಜಿಂದಾಲ್ ವಿಜಯನಗರ ಸ್ಟೀಲ್ ಬರುವ ಮುಂಚೆ ತೋರಣಗಲ್ಲು ಎಂದರೆ ಬಳ್ಳಾರಿ ಮತ್ತು ಹೊಸಪೇಟೆಯ ನಡುವಿನ ಒಂದು ರೈಲು ನಿಲ್ದಾಣದ ಹಳ್ಳಿ. ಆಗ ಇಲ್ಲಿದ್ದ ನಾಯಿಗಳು ಬೀದಿಯವು, ಹೊಲದವು, ಕುರಿಹಿಂಡಿನ ಜೊತೆ ಹೋಗುವವು. ಅವುಗಳ ಊಟ ಜೋಳದ ರೊಟ್ಟಿಯ ಚೂರು, ಉಳಿದ ಸಾರು, ಮತ್ತು ತಾವೇ ಹುಡುಕಿಕೊಂಡದ್ದು. ಕಾರ್ಖಾನೆಯ ಜೊತೆ ವಿದ್ಯಾನಗರದ ಟೌನ್‌ಶಿಪ್ ಬಂತು, ಅದರ ಸುತ್ತ ಬಾಡಿಗೆ ಮನೆಗಳ ಸಾಲು ಬಂತು, ಹತ್ತು ರಾಜ್ಯಗಳ ಜನ ಬಂದರು. ಎರಡು ರೂಮಿನ ಮನೆ, ಒಂದು ಬಾಲ್ಕನಿ. ಅದರಲ್ಲಿ ಮುಧೋಳ ನಾಯಿ ಹಿಡಿಸುತ್ತದೆಯೇ? ಪಮೇರಿಯನ್ ಬಂತು. (ನಾವು ಹಾಗೆ ಕರೆಯುವ ಆ ಬಿಳಿ ನಾಯಿಗಳಲ್ಲಿ ಬಹುಪಾಲು ಇಂಡಿಯನ್ ಸ್ಪಿಟ್ಜ್, ಅದು ಬೇರೆ ಮಾತು.) 2003ರಲ್ಲಿ ಹಚ್ ಫೋನಿನ ಜಾಹೀರಾತಿನಲ್ಲಿ ಹುಡುಗನ ಹಿಂದೆ ಹಿಂದೆ ಓಡಿದ ಪಗ್ ದೇಶದ ತುಂಬ ಪಗ್ ಹುಚ್ಚು ಹಿಡಿಸಿತು. ಈಗ ಶಿಟ್ಜು ಕಾಲ. ಆ ಕೂದಲು ಮುಚ್ಚಿದ ಕಣ್ಣು ನಲವತ್ತೆರಡು ಡಿಗ್ರಿಯ ಬಳ್ಳಾರಿ ಸೀಮೆಯನ್ನು ನೋಡುತ್ತ ಏನು ಅಂದುಕೊಳ್ಳುತ್ತದೋ.

ನಾಯಿ ಚಿಕ್ಕದಾದರೆ ಊಟವೂ ಚಿಕ್ಕದು, ಅಷ್ಟೇ ತಾನೆ ಎಂಬುದು ನಮ್ಮ ಲೆಕ್ಕ. ತಪ್ಪು ಲೆಕ್ಕ ಇಲ್ಲೇ ಶುರುವಾಗುತ್ತದೆ. ಪಶುವೈದ್ಯರು ಬಳಸುವ ಒಂದು ಸೂತ್ರವಿದೆ: ನಾಯಿಯ ತೂಕದ 0.75ನೇ ಘಾತವನ್ನು 70ರಿಂದ ಗುಣಿಸಿದರೆ ಅದು ಸುಮ್ಮನೆ ಮಲಗಿದ್ದರೂ ದಿನಕ್ಕೆ ಬೇಕಾದ ಕಿಲೋ ಕ್ಯಾಲೊರಿ ಸಿಗುತ್ತದೆ. ಮೂವತ್ತು ಕಿಲೋ ನಾಯಿಗೆ ಅದು ಸುಮಾರು 900, ಅಂದರೆ ಕಿಲೋಗೆ ಮೂವತ್ತು. ಎರಡು ಕಿಲೋ ಮರಿಗೆ ಸುಮಾರು 118, ಅಂದರೆ ಕಿಲೋಗೆ ಐವತ್ತೊಂಬತ್ತು. ಚಿಕ್ಕ ದೇಹ ಕಿಲೋ ಲೆಕ್ಕದಲ್ಲಿ ಎರಡು ಪಟ್ಟು ಉರಿಯುತ್ತದೆ. ಬೆಳೆಯುವ ಮರಿಯಾದರೆ ನಾಲ್ಕು ತಿಂಗಳವರೆಗೆ ಅದಕ್ಕೂ ಮೂರರಷ್ಟು, ಆಮೇಲೆ ಎರಡರಷ್ಟು ಬೇಕು. ಎರಡು ಕಿಲೋ ತೂಗುವ ಮೂರು ತಿಂಗಳ ಮರಿಗೆ ದಿನಕ್ಕೆ 350 ಕಿಲೋ ಕ್ಯಾಲೊರಿಯ ಆಸುಪಾಸು ಎಂದಾಯಿತು. ಇಷ್ಟನ್ನು ಅದರ ನಿಂಬೆಹಣ್ಣಿನಂಥ ಹೊಟ್ಟೆಗೆ ಇಳಿಸಬೇಕು. ಒಂದೇ ಸಲ ಆಗುವ ಮಾತಲ್ಲ. ದಿನಕ್ಕೆ ನಾಲ್ಕು ಊಟ, ಪ್ರತಿ ತುತ್ತಿನಲ್ಲೂ ಸತ್ವ ಇರಬೇಕು, ಕಾಳು ಆ ಪುಟ್ಟ ದವಡೆಗೆ ಸಿಗುವಷ್ಟು ಸಣ್ಣದಿರಬೇಕು. ಸಣ್ಣ ತಳಿಯ ಮರಿಯ ಊಟ ಎಂದರೆ ಹೆಚ್ಚುಕಡಿಮೆ ಇಷ್ಟೇ. ಉಳಿದದ್ದೆಲ್ಲ ಚೀಲದ ಮೇಲಿನ ಬಣ್ಣ.

ಈ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದನ್ನು ನಮ್ಮ ಓಣಿಯಲ್ಲೇ ನೋಡಿದೆ. ಪಕ್ಕದ ಮನೆಯ ಹುಡುಗ ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸದವನು. ಹೆಂಡತಿ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಒಂಟಿತನ ಕಳೆಯಲೆಂದು ಬೆಂಗಳೂರಿನಿಂದ ಒಂದು ಶಿಟ್ಜು ಮರಿ ತರಿಸಿಕೊಂಡ. ಬುಟ್ಟಿಯಲ್ಲಿ ಬಂದದ್ದು ಅಂಗೈಯಷ್ಟಿತ್ತು. ಎಂಟು ವಾರ ತುಂಬದ ಮರಿಯನ್ನು ಮಾರಬಾರದೆಂದು 2017ರ ನಾಯಿ ಸಾಕಣೆ ಮತ್ತು ಮಾರಾಟ ನಿಯಮಗಳು ಹೇಳುತ್ತವೆ. ಈ ಮರಿಗೆ ಎಂಟು ವಾರ ಆಗಿತ್ತೋ ಇಲ್ಲವೋ, ಮಾರಿದವನಿಗೂ ಕೊಂಡವನಿಗೂ ಅದು ವಿಷಯವೇ ಆಗಿರಲಿಲ್ಲ. ಹುಡುಗ ಲೂಸ್ ಕಾಳು ತಂದ. ಅದು ದೊಡ್ಡ ನಾಯಿಯ ಕಾಳು, ಹುರಿಗಡಲೆಯ ಎರಡರಷ್ಟು ದಪ್ಪ, ಕಲ್ಲಿನಷ್ಟು ಗಟ್ಟಿ. ಬಟ್ಟಲು ತುಂಬಿಟ್ಟು ಮಧ್ಯಾಹ್ನದ ಶಿಫ್ಟಿಗೆ ಹೋದರೆ ರಾತ್ರಿ ಹನ್ನೊಂದಕ್ಕೆ ಬರುತ್ತಿದ್ದ. ಬಟ್ಟಲು ತುಂಬಿದಂತೆಯೇ ಇರುತ್ತಿತ್ತು. ಮರಿಗೆ ಹಸಿವಿಲ್ಲ ಅಂದುಕೊಂಡು ಒಂದಿಷ್ಟು ಹಾಲು ಇಟ್ಟು ಮಲಗುತ್ತಿದ್ದ. ನಾಲ್ಕನೇ ದಿನ ನಸುಕಿಗೆ ಬಾಗಿಲು ಬಡಿದ. ಮರಿ ಒದ್ದೆ ಬಟ್ಟೆಯ ಹಾಗೆ ಕೈಯಲ್ಲಿ ಜೋತುಬಿದ್ದಿತ್ತು, ಒಸಡು ಬೆಳ್ಳಗೆ, ತಲೆ ನಡುಗುತ್ತಿತ್ತು.

ಅಷ್ಟು ಚಿಕ್ಕ ಮರಿಯ ಪಿತ್ತಕೋಶದ ಪಕ್ಕದಲ್ಲಿರುವ ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆ ಕೆಲವು ಗಂಟೆಗಳಿಗೆ ಮಾತ್ರ ಸಾಲುತ್ತದೆ. ಕೊಬ್ಬಿಲ್ಲ, ಮಾಂಸಖಂಡವಿಲ್ಲ, ಹಸಿದರೆ ಎರವಲು ತರಲು ಮೈಯಲ್ಲಿ ಮತ್ತೆಲ್ಲೂ ದಾಸ್ತಾನಿಲ್ಲ. ರಕ್ತದ ಸಕ್ಕರೆ ಇಳಿದರೆ ನಡುಕ, ಮಂಪರು, ಸೆಳವು, ಸಾವು. ಜೇನುತುಪ್ಪವನ್ನು ಬೆರಳಿಗೆ ಹಚ್ಚಿಕೊಂಡು ಒಸಡಿಗೆ ಸವರಿದೆವು. ಎಚ್ಚರ ತಪ್ಪಿದ ಮರಿಯ ಗಂಟಲಿಗೆ ಏನನ್ನೂ ಸುರಿಯಬಾರದು, ಶ್ವಾಸನಾಳಕ್ಕೆ ಹೋಗುತ್ತದೆ. ಹಾಗೇ ಬಟ್ಟೆಯಲ್ಲಿ ಸುತ್ತಿ ಮೂವತ್ತು ಕಿಲೋಮೀಟರ್ ದೂರದ ಬಳ್ಳಾರಿಗೆ ಹೊರಟರು. ಡ್ರಿಪ್ ಹಾಕಿದರು. ಮರಿ ಬದುಕಿತು. ಡಾಕ್ಟರು ಬೈದದ್ದು ಒಂದೇ ಮಾತು: "ಬಟ್ಟಲು ತುಂಬಿದ್ರೆ ಹೊಟ್ಟಿ ತುಂಬಿದಂಗೇನ್ರೀ?"

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನು ಓದಬಲ್ಲವನು, ಡಿಪ್ಲೊಮಾ ಮಾಡಿದವನು. ಅವನು ಕೊಂಡ ಕವರಿನ ಮೇಲೆ ಒಂದೇ ಒಂದು ಅಕ್ಷರ ಇದ್ದಿದ್ದರೆ ಓದುತ್ತಿದ್ದ. ಇಪ್ಪತ್ತು ಕಿಲೋ ಚೀಲದ ಮೇಲೆ 'ವಯಸ್ಕ ನಾಯಿಗೆ' ಎಂದು ಬರೆದಿತ್ತು. ಆ ಚೀಲ ಅಂಗಡಿಯಲ್ಲೇ ಉಳಿಯಿತು, ಕಾಳು ಮಾತ್ರ ಮನೆಗೆ ಬಂತು. ಲೂಸ್ ಮಾರಾಟದಿಂದ ಆಗುವ ಅನ್ಯಾಯ ಇದು. ಕಲಬೆರಕೆ ಇರಲೇಬೇಕೆಂದಿಲ್ಲ, ಕಾಳು ಒಳ್ಳೆಯದೇ ಇರಬಹುದು. ಆದರೆ ಓದುವ ಹಕ್ಕು ಅಂಗಡಿಯ ಮೂಲೆಯಲ್ಲೇ ಉಳಿದುಬಿಡುತ್ತದೆ.

ಕಾನೂನು ಏನನ್ನುತ್ತದೆ ನೋಡೋಣ. ನಾವು ತಿನ್ನುವ ಬಿಸ್ಕೆಟ್ಟಿನ ಮೇಲೆ ಎಫ್‌ಎಸ್‌ಎಸ್‌ಎಐ ನಂಬರು ಇರುತ್ತದಲ್ಲ, ಅದನ್ನು ತಂದ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ 'ಆಹಾರ' ಎಂದರೆ ಏನೆಂದು ವಿವರಿಸುವಾಗಲೇ ಪ್ರಾಣಿಗಳ ಆಹಾರವನ್ನು ಹೊರಗಿಟ್ಟಿದೆ. ಭಾರತೀಯ ಮಾನಕ ಬ್ಯೂರೋ ನಾಯಿ ಬೆಕ್ಕುಗಳ ಆಹಾರಕ್ಕೆ ಐಎಸ್ 11968 ಎಂಬ ಮಾನಕವನ್ನು ಬರೆದಿಟ್ಟಿದೆ. ನಮ್ಮೂರ ಅಂಗಡಿಯಲ್ಲಿ ನಾನು ತಿರುಗಿಸಿ ನೋಡಿದ ಚೀಲಗಳಲ್ಲಿ ಆ ಗುರುತು ನನಗೆ ಕಾಣಲಿಲ್ಲ. ತೆರಿಗೆಯ ವಿಷಯಕ್ಕೆ ಬಂದರೆ ಮಾತ್ರ ಸರ್ಕಾರಕ್ಕೆ ಮರೆವಿಲ್ಲ. 2017ರಲ್ಲಿ ಜಿಎಸ್‌ಟಿ ಬಂದಾಗ ದನದ ಹಿಂಡಿಗೆ ತೆರಿಗೆ ಇಲ್ಲ ಎಂದವರು ಚಿಲ್ಲರೆ ಮಾರಾಟದ ನಾಯಿ ಆಹಾರಕ್ಕೆ ಶೇಕಡಾ 18 ಹಾಕಿದರು. ಐಷಾರಾಮಿ ಎಂದು ತೆರಿಗೆ ಕಟ್ಟಿಸಿಕೊಳ್ಳುವ ಸರಕಿಗೆ, ಕನಿಷ್ಠ ಪಕ್ಷ ನಮ್ಮ ಬಿಸ್ಕೆಟ್ಟಿನಷ್ಟಾದರೂ ಕಾವಲು ಬೇಡವೇ? ಇರುವ ಒಂದು ಗಟ್ಟಿ ಆಸರೆ 2011ರ ಪೊಟ್ಟಣ ಸರಕುಗಳ ನಿಯಮ. ತಯಾರಕರ ಹೆಸರು ವಿಳಾಸ, ನಿವ್ವಳ ತೂಕ, ಎಂಆರ್‌ಪಿ, ತಯಾರಾದ ತಿಂಗಳು ವರ್ಷ, ದೂರು ಹೇಳಲು ಒಂದು ನಂಬರು, ಇಷ್ಟು ಪೊಟ್ಟಣದ ಮೇಲೆ ಇರಲೇಬೇಕು. ಚೀಲ ಬಿಚ್ಚಿ ಕವರಿಗೆ ಸುರಿದ ಕ್ಷಣ ಈ ಆಸರೆಯೂ ನಮ್ಮ ಕೈತಪ್ಪುತ್ತದೆ.

ಅಂಗಡಿಯವರ ಕಡೆಗೂ ಒಂದು ಮಾತಿದೆ, ಅದನ್ನು ಕೇಳಬೇಕು. "ಅಕ್ಕಾ, ಸಣ್ಣ ಪ್ಯಾಕೆಟ್ಟು ಕಿಲೋ ಲೆಕ್ಕಕ್ಕೆ ದುಬಾರಿ ಬೀಳತೈತಿ, ಮಂದಿ ತೊಗೊಳ್ಳಂಗಿಲ್ಲ." ನಿಜ. ಕಿಲೋ ಲೆಕ್ಕಕ್ಕೆ ದುಬಾರಿಯೇ. ಆದರೆ ದೊಡ್ಡ ಚೀಲದ ಸೋವಿ ಲ್ಯಾಬ್ರಡಾರಿನವರಿಗೆ, ನಮಗಲ್ಲ. ದಿನಕ್ಕೆ 75 ಗ್ರಾಂ ತಿನ್ನುವ ಪುಟ್ಟ ನಾಯಿಗೆ ಹತ್ತು ಕಿಲೋ ಚೀಲ ತಂದರೆ ಅದು ನಾಲ್ಕೂವರೆ ತಿಂಗಳು ಬರುತ್ತದೆ. ಇಪ್ಪತ್ತು ಕಿಲೋ ಚೀಲ ಒಂಬತ್ತು ತಿಂಗಳು. ಬಾಯಿ ಬಿಚ್ಚಿದ ಒಣ ಕಾಳನ್ನು ಒಂದರಿಂದ ಒಂದೂವರೆ ತಿಂಗಳೊಳಗೆ ಮುಗಿಸಬೇಕೆಂಬುದು ಸಾಮಾನ್ಯ ಸಲಹೆ, ಅದೂ ತಂಪಾದ ಜಾಗದಲ್ಲಿಟ್ಟರೆ. ಕಾಳಿನ ಮೇಲೆ ಕೊನೆಯಲ್ಲಿ ಕೊಬ್ಬು ಸಿಂಪಡಿಸಿರುತ್ತಾರೆ, ನಾಯಿಗೆ ವಾಸನೆ ಹತ್ತಲೆಂದು. ಗಾಳಿ, ಬಿಸಿಲು, ಬಿಸಿ ತಗುಲಿದರೆ ಆ ಕೊಬ್ಬು ಹಳೆಯ ಶೇಂಗಾ ಎಣ್ಣೆಯ ಹಾಗೆ ಕನರುತ್ತದೆ, ಅದರ ಜೊತೆಗೆ ವಿಟಮಿನ್ನುಗಳೂ ಸೋರಿಹೋಗುತ್ತವೆ. ತಗಡಿನ ಮಾಡಿನ ಅಂಗಡಿಯಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ಬಾಯಿ ತೆರೆದು ನಿಂತ ಚೀಲದೊಳಗೆ ಏನು ನಡೆಯುತ್ತಿರಬಹುದು, ನೀವೇ ಊಹಿಸಿ. ಅದರ ಮೇಲೆ ಲಾರಿಗಳು ಎಬ್ಬಿಸುವ ಕೆಂಪು ಧೂಳು ಬೇರೆ.

ಮಳೆಗಾಲದಲ್ಲಿ ಇನ್ನೊಂದು ಕಾಟ. ಕಾಳಿನಲ್ಲಿ ಮೆಕ್ಕೆಜೋಳ ಇರುತ್ತದೆ, ತೇವ ತಗುಲಿದರೆ ಬೂಸ್ಟು. ಬೂಸ್ಟು ಹಿಡಿದ ಶೇಂಗಾ ಯಾಕೆ ವಿಷ ಎಂಬುದು ನಮ್ಮ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಅದೇ ಅಫ್ಲಟಾಕ್ಸಿನ್ ನಾಯಿಯ ಯಕೃತ್ತನ್ನೂ ತಿನ್ನುತ್ತದೆ. 2020ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಇದೇ ವಿಷದಿಂದ ಹತ್ತಾರು ನಾಯಿಗಳು ಸತ್ತಾಗ ಕಂಪನಿ ಆ ಮಾಲನ್ನು ವಾಪಸ್ ಕರೆಸಿಕೊಂಡಿತು. ವಾಪಸ್ ಕರೆಸಿಕೊಳ್ಳಲು ಆದದ್ದು ಚೀಲದ ಮೇಲೆ ಲಾಟ್ ನಂಬರು ಇದ್ದದ್ದರಿಂದ. ಗಂಟು ಹಾಕಿದ ಕವರನ್ನು ಯಾರು, ಯಾವ ನಂಬರಿನಿಂದ ವಾಪಸ್ ಕರೆಯುತ್ತಾರೆ?

ಸರಿ, ಸೀಲು ಮಾಡಿದ ಚೀಲವನ್ನೇ ಕೊಳ್ಳುತ್ತೀರಿ ಎಂದಿಟ್ಟುಕೊಳ್ಳೋಣ. ಆಗ ಎರಡನೆಯ ಜಗಳ ಶುರು, ಇದು ಕಂಪನಿಗಳ ಜೊತೆ. ಚೀಲದ ಮುಂಭಾಗ ನಮ್ಮನ್ನು ಮರುಳು ಮಾಡುವುದಕ್ಕೆ ಇರುವುದು. ಹುಲ್ಲುಗಾವಲು, ಹೊಳೆಯುವ ಕ್ಯಾರೆಟ್, ಕೋಳಿಯ ತೊಡೆ, ನಿಮ್ಮ ಮರಿಯದೇ ಮುಖದ ಮರಿ. 'ಸಣ್ಣ ತಳಿ' ಎಂಬ ಎರಡು ಪದಕ್ಕೆ ಬೆಲೆ ಏರುತ್ತದೆ, 'ಶಿಟ್ಜು' ಎಂದು ಬರೆದರೆ ಇನ್ನೂ ಏರುತ್ತದೆ. ಅಮೆರಿಕದ ಆಫ್ಕೋ ಎಂಬ ಸಂಸ್ಥೆಯ ಪೋಷಕಾಂಶಗಳ ಪಟ್ಟಿಯನ್ನು ಜಗತ್ತಿನ ಬಹಳ ಕಂಪನಿಗಳು ಅನುಸರಿಸುತ್ತವೆ. ಅದರಲ್ಲಿ ನಾಯಿಗಳಿಗೆ ಇರುವುದು ಎರಡೇ ಪಟ್ಟಿ: ಬೆಳವಣಿಗೆ ಮತ್ತು ಬಸಿರು-ಬಾಣಂತಿಗೆ ಒಂದು, ವಯಸ್ಕ ನಾಯಿಗೆ ಒಂದು. ದೊಡ್ಡ ತಳಿಯ ಮರಿಗೆ ಸುಣ್ಣದಂಶ ಮಿತಿಮೀರಬಾರದೆಂಬ ಒಂದು ಷರತ್ತು ಇದೆ. ಸಣ್ಣ ತಳಿಗೆಂದು ಬೇರೆ ಪಟ್ಟಿಯೇ ಇಲ್ಲ. ಪಗ್ಗಿಗೆ ಬೇರೆ, ಶಿಟ್ಜುಗೆ ಬೇರೆ ಎಂಬುದಂತೂ ಬಹುಮಟ್ಟಿಗೆ ಕಾಳಿನ ಆಕಾರದ ಮಾತು. ಕಾಳು ಸಣ್ಣದಿದ್ದು, ಕ್ಯಾಲೊರಿ ಸಾಂದ್ರವಾಗಿದ್ದರೆ 'ಸಣ್ಣ ತಳಿ' ಎಂಬ ಮಾತಿಗೆ ಅರ್ಥವಿದೆ. ಅದಿಲ್ಲದೆ ಬರೀ ಚಿತ್ರ ಇದ್ದರೆ ನೀವು ಚಿತ್ರಕ್ಕೆ ದುಡ್ಡು ಕೊಟ್ಟಿರಿ.

ಹಾಗಾಗಿ ಚೀಲವನ್ನು ತಿರುಗಿಸಿ. ಬೆನ್ನಿನ ಮೇಲೆ ಸಣ್ಣ ಅಕ್ಷರದಲ್ಲಿ ಒಂದು ವಾಕ್ಯ ಇರಬೇಕು: ಇದು ಬೆಳವಣಿಗೆಗೆ, ಅಥವಾ ಜೀವನದ ಎಲ್ಲ ಹಂತಗಳಿಗೆ, ಸಂಪೂರ್ಣ ಮತ್ತು ಸಮತೋಲಿತ ಆಹಾರ ಎಂದು. ಆ ವಾಕ್ಯ ಇಲ್ಲದಿದ್ದರೆ, ಅಥವಾ 'ಪೂರಕ' ಎಂದಿದ್ದರೆ, ಅದು ತಿಂಡಿ. ಊಟದ ಜಾಗಕ್ಕೆ ತಿಂಡಿ ಬರಬಾರದು. ನಮ್ಮ ಅಂಗಡಿಗಳಲ್ಲಿ ಗ್ರೇವಿ ಪೌಚುಗಳು, ಬಿಸ್ಕೆಟ್ಟುಗಳು, ಜಗಿಯುವ ಕಡ್ಡಿಗಳು ಊಟದ ಚೀಲಗಳ ಪಕ್ಕದಲ್ಲೇ ಕೂತಿರುತ್ತವೆ. ಮರಿಗೆ ರುಚಿ ಹತ್ತಿದ್ದು ಯಾವುದೋ ಅದೇ ಊಟವಾಗಿಬಿಡುತ್ತದೆ. ಟೀ ಅಂಗಡಿಯ ಗ್ಲೂಕೋಸ್ ಬಿಸ್ಕೆಟ್ಟಿನ ಕಥೆಯೂ ಇದೇ.

ಆಮೇಲೆ ಪ್ರೋಟೀನು. ಬೆಳೆಯುವ ಮರಿಗೆ ನೀರು ಕಳೆದ ಲೆಕ್ಕದಲ್ಲಿ ಕನಿಷ್ಠ ಶೇಕಡಾ 22.5, ಕೊಬ್ಬು 8.5, ಸುಣ್ಣದಂಶ 1.2ರಿಂದ 2.5ರೊಳಗೆ ಎಂದು ಆಫ್ಕೋ ಪಟ್ಟಿ ಹೇಳುತ್ತದೆ. ವಯಸ್ಕ ನಾಯಿಗೆ ಪ್ರೋಟೀನು 18 ಸಾಕು. 'ನೀರು ಕಳೆದ ಲೆಕ್ಕ' ಎಂಬುದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ, ಇಲ್ಲದಿದ್ದರೆ ಯಾಮಾರುತ್ತೀರಿ. ಪೌಚಿನ ಮೇಲೆ ಪ್ರೋಟೀನು 8 ಎಂದಿದೆ, ಚೀಲದ ಮೇಲೆ 24 ಎಂದಿದೆ. ಚೀಲವೇ ಮೇಲು ಅನ್ನಿಸುತ್ತದೆ. ಪೌಚಿನಲ್ಲಿ 82 ಭಾಗ ನೀರು. ಉಳಿದ 18ರಲ್ಲಿ 8 ಎಂದರೆ ಶೇಕಡಾ 44. ಚೀಲದಲ್ಲಿ ನೀರು 10 ಇದ್ದರೆ, 90ರಲ್ಲಿ 24 ಎಂದರೆ ಸುಮಾರು 27. ಪೌಚೇ ಮೇಲು ಎಂದು ನಾನು ಹೇಳುತ್ತಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕು ಎನ್ನುತ್ತಿದ್ದೇನೆ.

ಹಾಗೆಂದು ಪ್ರೋಟೀನಿನ ಅಂಕಿಯೊಂದನ್ನೇ ನಂಬಿ ಕೂರುವಂತೆಯೂ ಇಲ್ಲ. ಚೀಲದ ಮೇಲೆ 'ಕ್ರೂಡ್ ಪ್ರೋಟೀನ್' ಎಂದಿರುತ್ತದೆ. ಪ್ರಯೋಗಾಲಯದಲ್ಲಿ ಅಳೆಯುವುದು ಸಾರಜನಕವನ್ನು. ಅದನ್ನು 6.25ರಿಂದ ಗುಣಿಸಿ ಪ್ರೋಟೀನು ಎಂದು ಬರೆಯುತ್ತಾರೆ. ಮಾಂಸದ್ದೂ ಸಾರಜನಕವೇ, ಕೋಳಿಯ ಪುಕ್ಕದ್ದೂ ಸಾರಜನಕವೇ. ಈ ಕಿಂಡಿಯಲ್ಲಿ ನುಗ್ಗಿದವರು ಇದ್ದಾರೆ. 2007ರಲ್ಲಿ ಚೀನಾದಿಂದ ಅಮೆರಿಕಕ್ಕೆ ಹೋದ ಗೋಧಿ ಅಂಟಿನಲ್ಲಿ ಮೆಲಮೈನ್ ಬೆರೆಸಿದ್ದರು. ತಟ್ಟೆ ಲೋಟ ಮಾಡುವ ಆ ವಸ್ತುವಿನ ತೂಕದ ಮೂರರಲ್ಲಿ ಎರಡು ಭಾಗ ಸಾರಜನಕ. ಪರೀಕ್ಷೆಯಲ್ಲಿ ಪ್ರೋಟೀನು ತುಂಬಿ ತುಳುಕಿತು, ನಾಯಿ ಬೆಕ್ಕುಗಳ ಮೂತ್ರಪಿಂಡ ಕೆಟ್ಟಿತು. ಮಾರನೆಯ ವರ್ಷ ಅದೇ ಮೆಲಮೈನ್ ಚೀನಾದ ಮಕ್ಕಳ ಹಾಲಿನಪುಡಿಯಲ್ಲಿ ಸಿಕ್ಕಿತು. ನಾಯಿಯ ಊಟದ ಬಗ್ಗೆ ಇಷ್ಟೆಲ್ಲ ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ ಎಂದು ನಗುವವರು ಈ ಎರಡು ವರ್ಷಗಳನ್ನು ಒಟ್ಟಿಗೆ ಇಟ್ಟು ನೋಡಲಿ.

ಪದಾರ್ಥಗಳ ಪಟ್ಟಿಯಲ್ಲೂ ಒಂದು ಚಮತ್ಕಾರವಿದೆ. ತೂಕದ ಇಳಿಕೆಯ ಕ್ರಮದಲ್ಲಿ ಬರೆಯುತ್ತಾರೆ, ಅದೂ ಬೇಯಿಸುವ ಮುಂಚಿನ ತೂಕ. ತಾಜಾ ಕೋಳಿಯಲ್ಲಿ ಸುಮಾರು 70 ಭಾಗ ನೀರು, ಹಾಗಾಗಿ ಅದು ಮೊದಲ ಸ್ಥಾನಕ್ಕೆ ಸುಲಭವಾಗಿ ಏರುತ್ತದೆ. ಮೆಕ್ಕೆಜೋಳ, ಮೆಕ್ಕೆಜೋಳದ ಅಂಟು, ಮೆಕ್ಕೆಜೋಳದ ತೌಡು ಎಂದು ಮೂರು ಕಡೆ ಒಡೆದು ಬರೆದರೆ ಜೋಳ ಕೆಳಗಿಳಿಯುತ್ತದೆ. ಜೋಳ ಇದ್ದರೆ ತಪ್ಪೇನಿಲ್ಲ, ನಾಯಿ ಬೇಯಿಸಿದ ಧಾನ್ಯವನ್ನು ಅರಗಿಸಿಕೊಳ್ಳಬಲ್ಲದು. 'ಧಾನ್ಯರಹಿತ' ಎಂಬ ಹೊಸ ಫ್ಯಾಷನ್ನಿಗೆ ಇಮ್ಮಡಿ ದುಡ್ಡು ಕೊಡುವವರಿಗೆ ಒಂದು ಸುದ್ದಿ: ಧಾನ್ಯದ ಬದಲು ಬಟಾಣಿ, ಬೇಳೆ ತುಂಬಿದ ಆಹಾರಕ್ಕೂ ನಾಯಿಗಳ ಹೃದಯ ಹಿಗ್ಗುವ ಕಾಯಿಲೆಗೂ ನಂಟಿದೆಯೇ ಎಂದು ಅಮೆರಿಕದ ಎಫ್‌ಡಿಎ 2018ರಲ್ಲಿ ವಿಚಾರಣೆಗೆ ಇಳಿಯಿತು. ಅದೇ ಕಾರಣ ಎಂದು ಸಾಬೀತಾಗಿಲ್ಲ. ಆದರೆ ಧಾನ್ಯ ತೆಗೆದದ್ದರಿಂದ ಲಾಭವಾಯಿತು ಎಂದೂ ಯಾರೂ ತೋರಿಸಿಲ್ಲ.

ಈಗ ಮೂರನೆಯ ಗುಂಪು. ಇವರು ನನ್ನವರೇ, ಆದ್ದರಿಂದ ಇವರ ಜೊತೆ ಜಗಳ ಕಷ್ಟ. "ನಮ್ಮಜ್ಜಿ ಯಾವ ಪೆಡಿಗ್ರಿ ಹಾಕಿದ್ದಳು? ಮುದ್ದೆ, ಹಾಲನ್ನ ತಿಂದು ನಾಯಿ ಹದಿನೈದು ವರ್ಷ ಬದುಕಿತ್ತು." ಈ ಮಾತಿನಲ್ಲಿ ಪ್ರೀತಿ ಇದೆ, ನೆನಪಿನ ಸೊಗಸೂ ಇದೆ. ನಾಯಿಗೆ ಉಣಿಸುವುದು ನಮ್ಮ ಸೀಮೆಯಲ್ಲಿ ಪೂಜೆಯೂ ಹೌದು. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯಗಳು ದೋಣಿಯಲ್ಲಿ ಹಾಲು, ತುಪ್ಪ, ಬಾಳೆಹಣ್ಣು ಕಲಸಿ, ಮೈಲಾರಲಿಂಗನ ನಾಯಿಗಳಾಗಿ ಬೊಗಳುತ್ತ ಬಾಯಿಹಾಕಿ ಉಣ್ಣುತ್ತಾರೆ. ಇನ್ನೂ ಹಿಂದೆ ಹೋದರೆ ಮಂಡ್ಯ ಸೀಮೆಯ ಆತಕೂರಿನಲ್ಲಿ, ಹತ್ತನೆಯ ಶತಮಾನದ ನಡುವಿನಲ್ಲಿ, ಹಂದಿಯ ಜೊತೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಗೆ ಕಲ್ಲು ನೆಟ್ಟು, ಅದರ ಪೂಜೆಗೆ ಭೂಮಿ ಬಿಟ್ಟರು. ಪೂಜಿಸದೆ ಗೊರವ ಉಂಡರೆ ಪಾಪ ತಗಲುತ್ತದೆ ಎಂದು ಶಾಸನ ಎಚ್ಚರಿಸುತ್ತದೆ. ನಾಯಿಗೆ ಮೊದಲು, ತನಗೆ ಆಮೇಲೆ. ಇಂಥ ನಾಡಿನಲ್ಲಿ ಹುಟ್ಟಿ ಪ್ಯಾಕೆಟ್ಟಿನ ಪರ ವಾದಿಸುವುದು ನನಗೇನೂ ಖುಷಿಯ ಕೆಲಸವಲ್ಲ.

ಆದರೆ ಅಜ್ಜಿಯ ನಾಯಿ ಮುದ್ದೆಯೊಂದನ್ನೇ ತಿಂದು ಬದುಕಲಿಲ್ಲ. ಅದು ಇಲಿ ಹಿಡಿಯಿತು, ಓತಿಕ್ಯಾತ ತಿಂದಿತು, ಹಬ್ಬದ ಮಾರನೆಯ ದಿನ ಎಲುಬು ಕಡಿಯಿತು. ನಾವು ನೋಡಿದ್ದು ನಾವು ಹಾಕಿದ ಮುದ್ದೆಯನ್ನು ಮಾತ್ರ. ಜೊತೆಗೆ ಬದುಕಿ ಉಳಿದ ಒಂದು ನಾಯಿ ನೆನಪಿದೆ, ಅದರ ಜೊತೆ ಹುಟ್ಟಿದ ಐದು ಮರಿ ಏನಾದವು ಎಂಬುದು ನೆನಪಿಲ್ಲ. ಮೂರನೆಯ ಮಹಡಿಯ ಬಾಲ್ಕನಿಯ ಶಿಟ್ಜು ಯಾವ ಇಲಿ ಹಿಡಿಯಬೇಕು? ಅದಕ್ಕೆ ಸಿಗುವುದು ನಾವು ಬಟ್ಟಲಿಗೆ ಹಾಕಿದ್ದಷ್ಟೇ. ಹಾಲನ್ನದಲ್ಲಿ ಪ್ರೋಟೀನು ಸಾಲದು. ಬರೀ ಕೋಳಿ-ಅನ್ನ ಹಾಕುತ್ತೇವೆ ಎನ್ನುವವರ ಮರಿಗೆ ಇನ್ನೊಂದು ಕಾಟ: ಎಲುಬಿಲ್ಲದ ಮಾಂಸದಲ್ಲಿ ರಂಜಕ ಹೆಚ್ಚು, ಸುಣ್ಣದಂಶ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ದೇಹ ತನಗೆ ಬೇಕಾದ ಸುಣ್ಣವನ್ನು ಮರಿಯ ಎಲುಬಿನಿಂದಲೇ ಕಿತ್ತುಕೊಳ್ಳುತ್ತದೆ. ಕಾಲು ಸೊಟ್ಟಗಾಗುತ್ತದೆ, ಸೋಫಾದಿಂದ ಹಾರಿದರೆ ಮುರಿಯುತ್ತದೆ. ನಮ್ಮ ಸಾರಿನಲ್ಲಿ ಈರುಳ್ಳಿ ಇರುತ್ತದೆ, ಅದು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ, ಎರಡು ಕಿಲೋ ಮರಿಗೆ ಬಹಳ ಬೇಕಾಗಿಲ್ಲ. ಪಶುವೈದ್ಯ ಪೋಷಣಾ ತಜ್ಞರ ಪಟ್ಟಿ ಹಿಡಿದು, ಗ್ರಾಂ ತೂಗಿ ಮನೆಯಲ್ಲೇ ಅಡುಗೆ ಮಾಡಬಲ್ಲವರಿಗೆ ನನ್ನ ನಮಸ್ಕಾರ. ಶಿಫ್ಟಿನಿಂದ ಬಂದು ತನಗೇ ಮ್ಯಾಗಿ ಮಾಡಿಕೊಳ್ಳುವವನಿಗೆ ಆ ಸಲಹೆ ಕೊಡಲು ನನಗೆ ಮನಸ್ಸಾಗುವುದಿಲ್ಲ.

ನಡುವೆ ಒಂದು ಮಾತು. ಮಾಂಸ ಹೊಸಿಲು ದಾಟದ ಎಷ್ಟೋ ಮನೆಗಳಲ್ಲಿ ಕೋಳಿ, ಕುರಿ ಎಂದು ಬರೆದ ಚೀಲ ಅಡುಗೆಮನೆಯ ಕಪಾಟಿನಲ್ಲೇ ಇರುವುದನ್ನು ಕಂಡಿದ್ದೇನೆ. ಒಣಗಿ, ಕಾಳಾಗಿ, ವಾಸನೆ ಬದಲಾಗಿ ಬಂದ ಮಾಂಸಕ್ಕೆ ಮೈಲಿಗೆ ಇಲ್ಲ. ಪ್ರಾಣಿಯ ಹಸಿವು ಮನುಷ್ಯರ ಮಡಿಯನ್ನು ಇಷ್ಟು ಸದ್ದಿಲ್ಲದೆ ದಾಟಿದ್ದು ನನಗೆ ಸಂತೋಷವೇ. ಅದೇ ಮನೆಯವರು ಮೊಟ್ಟೆ ತಿನ್ನುವ ಬಾಡಿಗೆದಾರನಿಗೆ ಮನೆ ಕೊಡುವುದಿಲ್ಲ ಎಂಬುದು ಇನ್ನೊಂದು ಲೇಖನದ ವಿಷಯ.

ಮರಿ ತಂದವರು ಸದ್ಯಕ್ಕೆ ಮಾಡಬೇಕಾದದ್ದು ಹೆಚ್ಚೇನಿಲ್ಲ. ಮೊದಲ ವಾರ ಮಾರಿದವರು ಹಾಕುತ್ತಿದ್ದುದನ್ನೇ ಹಾಕಿ, ಆಮೇಲೆ ಹೊಸದನ್ನು ಏಳೆಂಟು ದಿನಗಳಲ್ಲಿ ಸ್ವಲ್ಪಸ್ವಲ್ಪವಾಗಿ ಬೆರೆಸುತ್ತ ಬನ್ನಿ. ಕಾಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ಹದಿನೈದು ನಿಮಿಷ ನೆನೆಸಿ ಕೊಡಿ, ನೆನೆಸಿ ಉಳಿದದ್ದನ್ನು ನಮ್ಮ ಬಿಸಿಲಿಗೆ ಇಡದೆ ಎಸೆಯಿರಿ. ಶಿಫ್ಟಿನವರು ನಡುವಿನ ಊಟಕ್ಕೆ ಪಕ್ಕದ ಮನೆಯವರ ಕೈಗೆ ಕೀಲಿ ಕೊಡಿ. ಆ ಏರ್ಪಾಡು ಆಗದಿದ್ದರೆ ಮೂರು ತಿಂಗಳು ದಾಟಿದ ಮರಿಯನ್ನೇ ತನ್ನಿ. ಚಿಕ್ಕ ಚೀಲ ಕೊಳ್ಳಿ, ಕಾಳನ್ನು ಡಬ್ಬಿಗೆ ಸುರಿಯದೆ ಚೀಲವನ್ನೇ ಡಬ್ಬಿಯೊಳಗೆ ಇಡಿ, ಲಾಟ್ ನಂಬರು ಜೊತೆಗೇ ಇರುತ್ತದೆ. ಸಣ್ಣ ತಳಿ ಎಂಟು-ಹತ್ತು ತಿಂಗಳಿಗೇ ಬೆಳೆದು ನಿಲ್ಲುತ್ತದೆ, ವರ್ಷದೊಳಗೆ ವಯಸ್ಕ ಊಟಕ್ಕೆ ಬದಲಿಸಿ. ಚೀಲದ ಮೇಲಿನ ಗ್ರಾಂ ಪಟ್ಟಿ ಬರೀ ಅಂದಾಜು. ಪಕ್ಕೆಲುಬು ಕಣ್ಣಿಗೆ ಕಾಣದೆ ಕೈಗೆ ಸಿಗುತ್ತಿದ್ದರೆ ಅಳತೆ ಸರಿ ಇದೆ.

ಇನ್ನು ಯಾವ ಕಂಪನಿ ಒಳ್ಳೆಯದು ಎಂದು ನನ್ನನ್ನು ಓಣಿಯಲ್ಲಿ ನಿಲ್ಲಿಸಿ ಕೇಳುವವರಿದ್ದಾರೆ. ನಾನು ಹೆಸರು ಹೇಳುವುದಿಲ್ಲ. ಚೀಲದ ಬೆನ್ನ ಮೇಲೆ ಗ್ರಾಹಕರ ನಂಬರು ಇದೆಯಲ್ಲ, ಅದಕ್ಕೆ ಫೋನ್ ಮಾಡಿ ಎನ್ನುತ್ತೇನೆ. ಜಗತ್ತಿನ ಸಣ್ಣಪ್ರಾಣಿ ಪಶುವೈದ್ಯರ ಸಂಘ ಇಂಥ ಪ್ರಶ್ನೆಗಳ ಒಂದು ಪಟ್ಟಿಯನ್ನೇ ಮಾಡಿಕೊಟ್ಟಿದೆ. ಈ ಆಹಾರದ ಸೂತ್ರ ಬರೆದವರು ಯಾರು, ಅವರ ಓದೇನು? ಸ್ವಂತ ಕಾರ್ಖಾನೆಯಲ್ಲಿ ಮಾಡುತ್ತೀರೋ, ಬೇರೆಯವರಿಂದ ಮಾಡಿಸುತ್ತೀರೋ? ನೂರು ಗ್ರಾಮಿಗೆ ಎಷ್ಟು ಕಿಲೋ ಕ್ಯಾಲೊರಿ? ಸುಣ್ಣದಂಶ ಎಷ್ಟು? ಕನ್ನಡದಲ್ಲೇ ಕೇಳಿ. ನಾನು ಕೇಳಿದಾಗ ಒಂದು ಕಂಪನಿಯ ಹುಡುಗಿ ಎರಡು ದಿನ ಬಿಟ್ಟು ತಾನೇ ಫೋನ್ ಮಾಡಿ ಎಲ್ಲ ಅಂಕಿಗಳನ್ನೂ ಓದಿ ಹೇಳಿದಳು, ನಾನು ಕ್ಯಾಲೆಂಡರಿನ ಹಿಂದೆ ಬರೆದುಕೊಂಡೆ. ಇನ್ನೊಂದು ಕಡೆಯವರು "ಮೇಡಂ, ನಮ್ಮದು ಪ್ರೀಮಿಯಂ" ಎಂದಷ್ಟೇ ಮೂರು ಸಲ ಹೇಳಿದರು. ಆ ಚೀಲವನ್ನು ನಾನು ಅಂಗಡಿಯಲ್ಲೇ ಬಿಟ್ಟು ಬಂದೆ.